ಶನಿವಾರದ ಆರೋಪಿ

ಮುಸಫ್ಫಾ, ಅಬುಧಾಬಿ
22 ಸೆಪ್ಟೆಂಬರ್ 2024

ದೀಕ್ಷಿತಾಳಿಗೆ,

ನಿನ್ನ ಆಫೀಸಿನ ಪೋಸ್ಟ್ ಬಾಕ್ಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಿಂದ ತೆಗೆದುಕೊಂಡೆ. ಮದುವೆಯ ಸಮಯದಲ್ಲಿ ನೀನು ನನ್ನ ಫೋನ್ ಬ್ಲಾಕ್ ಮಾಡಿದ್ದೀಯ, ಅದರ ಬಗ್ಗೆ ದೂರು ಹೇಳಲು ಬರೆಯುತ್ತಿಲ್ಲ. ಈ ದೇಶದಲ್ಲಿ ಅಂಚೆಯವನು ಮನೆ ಬಾಗಿಲಿಗೆ ಬರುವುದಿಲ್ಲ. ಲಕೋಟೆ ಮೊದಲು ನಿಮ್ಮ ಆಫೀಸಿನ ಯಾರ ಕೈಗಾದರೂ ಸಿಗುತ್ತದೆ ಎಂದು ಹಿಂದುಗಡೆ ನನ್ನ ಹೆಸರು ಹಾಕಿಲ್ಲ.

ವಿಷಯ ಇಷ್ಟೇ. ಹೋದ ವಾರ ಬೆಂಗಳೂರಿನ ಒಂದು ಟಿವಿ ಚಾನೆಲಿನಿಂದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಕಟಪಾಡಿಯ ಬಾಡಿಗೆ ಮನೆಯಲ್ಲಿ ನಿನ್ನ ಅಮ್ಮನನ್ನು ಕತ್ತು ಹಿಸುಕಿ ಕೊಂದವರು ಯಾರೆಂದು ಇವತ್ತಿನವರೆಗೂ ಪತ್ತೆಯಾಗಿಲ್ಲವಲ್ಲ, ಆ ಕೇಸನ್ನು ‘ಬಾಕಿ ಉಳಿದ ಪ್ರಶ್ನೆ’ ಎಂಬ ಕಾರ್ಯಕ್ರಮದಲ್ಲಿ ಮತ್ತೆ ಕೆದಕುತ್ತಾರಂತೆ. ಅಕ್ಟೋಬರಿನಿಂದ ಪ್ರತಿ ಶನಿವಾರ. “ಅಂಕಲ್, ನೀವು ನಿಮ್ಮ ಸೈಡ್ ಹೇಳಿ” ಎಂದಳು. ನಿನ್ನ ಪ್ರಾಯದವಳೇ ಇರಬೇಕು, ಮರ್ಯಾದೆಯಿಂದಲೇ ಮಾತಾಡಿದಳು. ನನಗೆ ಸೈಡ್ ಎಂಬುದು ಯಾವುದೂ ಇಲ್ಲ ಎಂದು ಹೇಳಿ ಫೋನಿಟ್ಟೆ. ಅವಳು ಇದನ್ನೂ ಟಿವಿಯಲ್ಲಿ ಹೇಳುತ್ತಾಳೆ ಎಂದು ಆಮೇಲೆ ಹೊಳೆಯಿತು.

ಬೆರಳು ನನ್ನ ಕಡೆಗೇ ತೋರಿಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆಗ ಪೊಲೀಸರು ಒಂದು ವಾರ ಠಾಣೆಯಲ್ಲಿ ಕೂರಿಸಿ, ಸಾಕ್ಷಿ ಇಲ್ಲವೆಂದು ಬಿಟ್ಟರು. ಸಾಕ್ಷಿ ಇಲ್ಲವೆಂದು ಬಿಡುವುದು ಬೇರೆ, ತಪ್ಪಿಲ್ಲವೆಂದು ಬಿಡುವುದು ಬೇರೆ. ಊರಿನವರು ಇದನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದ್ದಾರೆ.

ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು ಎಂದು ಬರೆದೆ. ನಿನ್ನ ಗಂಡ ರಿತೇಶನಿಗೂ ಒಂದು ಮಾತು ಹೇಳಿಡು. ಉತ್ತರ ಬೇಕಾಗಿಲ್ಲ. ನಮ್ಮ ಕಂಪನಿಯ ಪೋಸ್ಟ್ ಬಾಕ್ಸ್ ನಂಬರನ್ನು ಕೆಳಗೆ ಸುಮ್ಮನೆ ಬರೆದಿದ್ದೇನೆ.

ಇತಿ,
ಮೋಹನದಾಸ್

*

ಅಲ್ ನಹ್ದಾ, ದುಬೈ
3 ನವೆಂಬರ್ 2024

ಮೋಹನದಾಸ್ ಅವರಿಗೆ,

ಉತ್ತರ ಬರೆಯಬಾರದು ಎಂದೇ ಇದ್ದೆ. ನಿನ್ನೆ ಐದನೇ ಕಂತು ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ನಾನು ಒಬ್ಬಳೇ ಕೂತು ನೋಡುತ್ತಿದ್ದೇನೆ ಎಂದುಕೊಳ್ಳಬೇಡಿ. ರಿತೇಶ್‌ನ ಅಮ್ಮ ಮುಂಬೈಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ. ಅವರಿಗೆ ಈ ಕಾರ್ಯಕ್ರಮ ಎಂದರೆ ಪ್ರಾಣ. ಮೇಲಿನ ಮಹಡಿಯ ಡಿಂಪಲ್ ಮತ್ತು ಅವಳ ಗಂಡ ಶೆಲ್ಡನ್‌ರನ್ನು ಮೊದಲ ವಾರ ಕರೆದವರು ಅವರೇ. ಈಗ ಬಿಲ್ಡಿಂಗಿನ ಕನ್ನಡದವರೆಲ್ಲ ಶನಿವಾರ ಎಂಟಕ್ಕೆ ನಮ್ಮ ಹಾಲ್‌ನಲ್ಲಿರುತ್ತಾರೆ. ಅತ್ತೆ ಮಧ್ಯಾಹ್ನವೇ ಗೋಳಿಬಜೆಗೆ ಹಿಟ್ಟು ಕಲಸಿಡುತ್ತಾರೆ. ಟಿವಿಯಲ್ಲಿ ಅಮ್ಮ ನೆಲದ ಮೇಲೆ ಬಿದ್ದಿರುವ ಹಾಗೆ ಯಾರೋ ಹುಡುಗಿ ನಟಿಸುತ್ತಿರುವಾಗ ಇಲ್ಲಿ ಚಟ್ನಿಯ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿರುತ್ತದೆ.

ಅದು ನನ್ನ ಅಮ್ಮ ಎಂದು ರಿತೇಶ್‌ಗೆ ಮಾತ್ರ ಗೊತ್ತು. ಅಮ್ಮ ಕಾಯಿಲೆಯಿಂದ ಹೋದರು, ಅಪ್ಪ ಸಂಪರ್ಕದಲ್ಲಿಲ್ಲ ಎಂದು ಅತ್ತೆಗೆ ಮದುವೆಯ ಮೊದಲೇ ಹೇಳಿದ್ದೆವು. “ಯಾರೂ ಬರುವುದು ಬೇಡ ಅಂತ ಹೇಳಲಾ?” ಎಂದು ಅವನು ಕೇಳಿದ. ಕಾರಣ ಏನೆಂದು ಹೇಳುವುದು?

ಕಾನೂನಿಗೆ ಹೆದರಿ ಟಿವಿಯವರು ನಿಮ್ಮ ಹೆಸರು ಹೇಳುವುದಿಲ್ಲ. ಫೋಟೊದಲ್ಲಿ ಮುಖ ಮಸುಕು ಮಾಡಿ ‘ಆ ಗಂಡ’ ಎನ್ನುತ್ತಾರೆ, ಅಷ್ಟೆ. ಡಿಂಪಲ್‌ಗೆ ಅಷ್ಟೇ ಸಾಕು. “ಹಸ್ಬೆಂಡೇ ಮಾರಾಯ್ತಿ, ಹಂಡ್ರೆಡ್ ಪರ್ಸೆಂಟ್. ಗಲ್ಫಿಗೆ ಓಡಿದ್ದು ನೋಡು” ಎನ್ನುತ್ತಾಳೆ. “ಈಗಲೂ ಇಲ್ಲೇ ಎಲ್ಲೋ ಇರ್ಬಹುದು, ಸೂಪರ್ ಮಾರ್ಕೆಟಲ್ಲಿ ನಿನ್ನ ಹಿಂದೆಯೇ ಕ್ಯೂ ನಿಂತಿರ್ಬಹುದು” ಎಂದು ಶೆಲ್ಡನ್ ಹೆದರಿಸಿದಾಗ ಎಲ್ಲರೂ ನಕ್ಕರು. ಅತ್ತೆ ಒಬ್ಬರೇ ನಗಲಿಲ್ಲ. “ಆ ಹೆಣ್ಣು ಮಗು ಎಲ್ಲಿದೆಯೋ ಪಾಪ. ಅಪ್ಪ ಇಂಥವ ಅಂತ ಗೊತ್ತಾದ ಮೇಲೆ ಅದನ್ನು ಯಾರು ಮದುವೆ ಆಗ್ತಾರೆ?” ಎಂದರು. ನಾನು ಅವರ ಲೋಟಕ್ಕೆ ಚಾ ಹಾಕುತ್ತಿದ್ದೆ.

ನಿನ್ನೆ ಟಿವಿಯಲ್ಲಿ ಮಾವ ಬಂದಿದ್ದರು. ಅಮ್ಮನ ಅಣ್ಣ ಎಂದು ಅವರ ಹೆಸರಿನ ಕೆಳಗೆ ಬರೆದಿದ್ದರು. ನಮ್ಮ ಮದುವೆ ಇಲ್ಲೇ ದುಬೈಯಲ್ಲಿ ಆದದ್ದರಿಂದ ಅತ್ತೆ ಅವರನ್ನು ನೋಡಿದವರಲ್ಲ. “ನನ್ನ ತಂಗಿಯ ಬೊಜ್ಜಕ್ಕೂ ನಿಲ್ಲಲಿಲ್ಲ ಅವ” ಎಂದು ಹೇಳಿ ಅತ್ತರು. ನನ್ನನ್ನು ಏಳು ವರ್ಷದವಳಿದ್ದಾಗಿನಿಂದ ಸಾಕಿದ ಮನುಷ್ಯ ಅವರು. ಅವರು ಅಳುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆಮೇಲೆ ಆ ನಿರೂಪಕ ಬೊಜ್ಜ ಎಂದರೆ ಉತ್ತರಕ್ರಿಯೆ ಎಂದು ವಿವರಿಸಿ, “ಹೆಂಡತಿಯ ಉತ್ತರಕ್ರಿಯೆಗೂ ಕಾಯದೆ ವಿಮಾನ ಹತ್ತುವ ಅವಸರ ಏನಿತ್ತು?” ಎಂದು ಮೂರು ಸಲ ಕೇಳಿದ.

ನಾನೂ ಇದನ್ನೇ ಕೇಳಿಕೊಂಡು ಬೆಳೆದವಳು. ಕೊಲೆಯ ವಿಷಯ ಪೊಲೀಸರಿಗೇ ಗೊತ್ತಾಗಲಿಲ್ಲ, ನನಗೇನು ಗೊತ್ತಾಗುತ್ತದೆ? ಆದರೆ ನೀವು ಹೋದದ್ದಂತೂ ನಿಜ. ನನ್ನನ್ನು ಅಲ್ಲಿ ಬಿಟ್ಟು ಹೋದಿರಿ. ಯಾಕೆ ನಿಲ್ಲಲಿಲ್ಲ ಎಂದು ತಿಳಿಸಿ. ಬೇರೇನೂ ಬರೆಯುವುದು ಬೇಡ.

ದೀಕ್ಷಿತಾ

*

ಮುಸಫ್ಫಾ
17 ನವೆಂಬರ್ 2024

ಪ್ರೀತಿಯ ದೀಕ್ಷಿತಾ,

ಬೇರೇನೂ ಬೇಡ ಎಂದು ಬರೆದಿದ್ದೀಯ. ಆದರೂ ಸ್ವಲ್ಪ ಬೇರೆ ಬರೆಯುತ್ತೇನೆ, ಕ್ಷಮಿಸು. ನಿನ್ನ ಅಕ್ಷರ ನೋಡಿ ಬಹಳ ವರ್ಷವಾಯಿತು.

ನಮ್ಮ ರೂಮಿನಲ್ಲಿಯೂ ಶನಿವಾರ ಅದೇ ಸಡಗರ. ನಾವು ಮೂವರು. ಎಸಿ ಕೆಲಸದ ಆಸ್ವಾಲ್ಡ್, ಮೊಬೈಲ್ ಅಂಗಡಿಯ ಸಫ್ವಾನ್, ಅಕೌಂಟ್ಸ್‌ನ ನಾನು. ಶನಿವಾರದ ಅಡುಗೆ ನನ್ನ ಪಾಳಿ. ಅವರಿಬ್ಬರು ಮಂಚದ ಮೇಲೆ ಕೂತು ನನ್ನನ್ನು ಪ್ರತಿ ವಾರ ಗಲ್ಲಿಗೇರಿಸುತ್ತಾರೆ, ನಾನು ಅವರಿಗೆ ಮೀನು ಹುರಿದು ಬಡಿಸುತ್ತೇನೆ. “ಇಂಥವ ಇಲ್ಲಿ ಸಿಕ್ಕಿದ್ರೆ ಒಂದೇ ದಿನದಲ್ಲಿ ಖಲಾಸ್” ಎಂದು ಸಫ್ವಾನ್ ಕೂಗಾಡುತ್ತಾನೆ. ಆಸ್ವಾಲ್ಡ್ ಮೆತ್ತನೆಯ ಮನುಷ್ಯ. ನಿನ್ನ ಅಮ್ಮನ ಫೋಟೊ ಬಂದಾಗಲೆಲ್ಲ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ಅವನು ಹಾಗೆ ಮಾಡುವಾಗ ನನಗೆ ಅವನ ಕೈ ಹಿಡಿದುಕೊಳ್ಳಬೇಕು ಅನಿಸುತ್ತದೆ. ಹೋದ ವಾರ, “ಮೋಹನಣ್ಣ, ನೀವೆಂತ ಹೇಳ್ತೀರಿ? ಗಂಡನೇ ಅಲ್ವಾ?” ಎಂದು ಕೇಳಿದ. ಮೀನಿಗೆ ಉಪ್ಪು ಸರಿ ಉಂಟಾ ನೋಡು ಎಂದೆ.

ಆ ಮಸುಕಾದ ಫೋಟೊದಲ್ಲಿ ನನಗೆ ತಲೆ ತುಂಬ ಕೂದಲು, ದಪ್ಪ ಮೀಸೆ. ಈಗಿನ ನನ್ನನ್ನು ನೋಡಿ ಅದು ಇದೇ ಎಂದು ಯಾವ ಪತ್ತೇದಾರನೂ ಹೇಳಲಾರ. ಅದೊಂದು ಅನುಕೂಲ.

ಈಗ ನೀನು ಕೇಳಿದ್ದು. ನಮ್ಮದು ಅಳಿಯಕಟ್ಟು, ನಿನಗೆ ಗೊತ್ತು. ಮದುವೆಯಾದರೂ ಹೆಣ್ಣು ತಾಯಿಮನೆಗೇ ಸೇರಿದವಳು, ಮಕ್ಕಳೂ ಅವಳ ಕುಟುಂಬಕ್ಕೇ. ನಿನ್ನ ಅಮ್ಮ ಚಂದ್ರಮತಿಯನ್ನು ಶವಪರೀಕ್ಷೆ ಮುಗಿಸಿ ಆಸ್ಪತ್ರೆಯಿಂದ ನೇರ ಅವಳ ಕುಟುಂಬದ ಮನೆಗೆ ಒಯ್ದರು. ಬೊಜ್ಜ ಮಾಡುವುದು, ಯಾರಿಗೆ ಹೇಳಿಕೆ ಕೊಟ್ಟು ಕರೆಯುವುದು, ಯಾರನ್ನು ಬಿಡುವುದು, ಎಲ್ಲ ಮನೆಯ ಯಜಮಾನನಾದ ನಿನ್ನ ಮಾವನ ಕೈಯಲ್ಲಿತ್ತು. ಕೋಟು ಹಾಕಿದ ಆ ಬೆಂಗಳೂರಿನ ನಿರೂಪಕನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಗಂಡನ ಮನೆಯಲ್ಲೇ ಎಲ್ಲ ನಡೆಯುತ್ತದೆ, ಗಂಡನೇ ನಿಂತು ಮಾಡಿಸುತ್ತಾನೆ ಎಂದುಕೊಂಡಿದ್ದಾನೆ.

ನನಗೆ ಹೇಳಿಕೆ ಬರಲಿಲ್ಲ. ಆದರೂ ಬೊಜ್ಜದ ದಿನ ಬೆಳಿಗ್ಗೆ ಹೋದೆ. ನಿನ್ನ ಮಾವ ಬೇಲಿಯ ತಡಮೆಯ ಹತ್ತಿರವೇ ತಡೆದು, “ನೀನು ಈ ಅಂಗಳಕ್ಕೆ ಕಾಲಿಡಬೇಡ” ಎಂದರು. ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಜನರಿಗೆ ಅದೂ ಒಂದು ಸಾಕ್ಷಿಯಾಗುತ್ತಿತ್ತು. ಎದುರಿನ ಬಸ್ ಸ್ಟಾಪಿನಲ್ಲಿ ಸಂಜೆಯವರೆಗೆ ಕೂತಿದ್ದೆ. ಅಲ್ಲಿಂದ ಚಪ್ಪರ ಕಾಣುತ್ತಿತ್ತು. ನೀನು ಚಪ್ಪರದ ಕಂಬ ಹಿಡಿದು ಸುತ್ತು ಬರುತ್ತಿದ್ದೆ, ಯಾರೋ ಬಂದು ನಿನ್ನನ್ನು ಒಳಗೆ ಕರೆದುಕೊಂಡು ಹೋದರು. ಇಲ್ಲಿಗೆ ಬರುವ ವೀಸಾದ ಅವಧಿ ಮುಗಿಯುತ್ತಾ ಬಂದಿತ್ತು. ಮಾರನೇ ದಿನ ಮುಂಬೈ ಬಸ್ಸು ಹತ್ತಿ ಅಲ್ಲಿಂದ ಇಲ್ಲಿಗೆ ಬಂದೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ನಿನ್ನನ್ನು ಸಾಕುತ್ತಿದ್ದವರು ಅವರು. ಅವರ ಅನ್ನ ಉಣ್ಣುವ ಮಗುವಿಗೆ ಅವರ ಮೇಲೆ ಬೇಸರ ಹುಟ್ಟಿಸಿ ನಾನು ಇಲ್ಲಿ ಕೂತು ಏನು ಸಾಧಿಸಬೇಕಿತ್ತು? ಈಗಲೂ ಅವರನ್ನು ದೂರಬೇಡ. ಅವರಿಗೆ ಇದ್ದದ್ದು ಒಬ್ಬಳೇ ತಂಗಿ.

ಇತಿ,
ಮೋಹನದಾಸ್

*

ಅಲ್ ನಹ್ದಾ
12 ಜನವರಿ 2025

ಅಪ್ಪನಿಗೆ,

ನಿಮ್ಮ ಪತ್ರವನ್ನು ನಂಬಲೂ ಆಗದೆ, ಎಸೆಯಲೂ ಆಗದೆ ಎರಡು ತಿಂಗಳು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಮೊನ್ನೆ ಊದ್ ಮೇಥಾದಲ್ಲಿ ನಮ್ಮ ಕನ್ನಡ ಸಂಘದ ಮಕ್ಕಳ ಕಾರ್ಯಕ್ರಮವಿತ್ತು. ಅಲ್ಲಿಯೂ ಊಟದ ಸಾಲಿನಲ್ಲಿ ಅದೇ ಮಾತು. ಒಬ್ಬರು ನನ್ನನ್ನೇ ಹಿಡಿದು ನಿಲ್ಲಿಸಿ, “ನೀವು ಆ ಕಡೆಯವರಲ್ವಾ, ನಿಮಗೆ ಒಳಗಿನ ಸುದ್ದಿ ಏನಾದ್ರೂ ಗೊತ್ತುಂಟಾ?” ಎಂದರು. ಪ್ಲೇಟು ಅಲ್ಲೇ ಇಟ್ಟು ಹೊರಗೆ ಬಂದು, ಪಾರ್ಕಿಂಗಿನಲ್ಲಿ ನಿಂತು ಮಾವನಿಗೆ ಫೋನ್ ಮಾಡಿದೆ.

“ಬೊಜ್ಜದ ದಿನ ಅಪ್ಪ ಬಂದಿದ್ರಾ ಮಾವ?” ಎಂದು ಕೇಳಿದೆ. “ಬಂದಿದ್ದ. ನಾನೇ ಒಳಗೆ ಬಿಡ್ಲಿಲ್ಲ” ಎಂದರು. ಹಾಗಾದರೆ ಟಿವಿಯಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದೆ. “ಹೇಳಿ ಹೇಳಿ ನಂಗೆ ಅದೇ ನಿಜ ಅಂತ ಆಗಿತ್ತು ಮಗಾ” ಎಂದರು. ಅವರ ದನಿಯಲ್ಲಿ ಮೋಸ ಇರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. ಕೊನೆಗೆ, “ಆದ್ರೂ ನನ್ನ ತಂಗಿಯನ್ನು ಕೊಂದದ್ದು ಅವ ಅಲ್ಲ ಅಂತ ನಂಗೆ ಹೇಳ್ಲಿಕ್ಕೆ ಬರುದಿಲ್ಲ” ಎಂದು ಹೇಳಿ ಫೋನಿಟ್ಟರು.

ಅದನ್ನು ನನಗೂ ಹೇಳಲು ಬರುವುದಿಲ್ಲ. ನೀವು ನನ್ನನ್ನು ಸುಮ್ಮನೆ ಬಿಟ್ಟು ಹೋದದ್ದಲ್ಲ ಎಂದು ಈಗ ಗೊತ್ತಾಯಿತು. ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದಿದೆ. ಫೆಬ್ರವರಿ ಎಂಟಕ್ಕೆ ಕೊನೆಯ ಕಂತಂತೆ. ಅವತ್ತು ನೋಡುವವರೆಲ್ಲ ಫೋನಿನಲ್ಲಿ ಓಟು ಹಾಕಿ ಅಪರಾಧಿ ಯಾರೆಂದು ತೀರ್ಮಾನ ಮಾಡುತ್ತಾರಂತೆ. ಅತ್ತೆ ಈಗಲೇ ರಿತೇಶ್‌ನ ಹತ್ತಿರ ಓಟು ಹಾಕುವುದು ಹೇಗೆಂದು ಕಲಿಯುತ್ತಿದ್ದಾರೆ. ಅವರ ಓಟಿಗಿಂತ ಮೊದಲು ನಾನು ನಿಮ್ಮನ್ನು ಕೇಳಬೇಕು. ಎದುರಿಗೆ ನಿಂತು ಕೇಳುವ ಧೈರ್ಯ ನನಗಿಲ್ಲ, ಬರೆದು ಕೇಳುತ್ತಿದ್ದೇನೆ.

ಅಪ್ಪ, ಅಮ್ಮನನ್ನು ನೀವು ಕೊಂದಿರಾ?

ದೀಕ್ಷಿತಾ

*

ಮುಸಫ್ಫಾ
19 ಜನವರಿ 2025

ಪ್ರೀತಿಯ ದೀಕ್ಷಿತಾ,

ಇಲ್ಲ.

ನಿನ್ನ ಪ್ರಶ್ನೆಯಿಂದ ನನಗೆ ನೋವಾಗಿರಬಹುದು ಎಂದು ನೀನು ಅಲ್ಲಿ ಸಂಕಟಪಡುವುದು ಬೇಡ. ಪೊಲೀಸರು ಹೇಗೆ ಮಾಡಿದೆ, ಯಾಕೆ ಮಾಡಿದೆ, ಅವಳ ಕುತ್ತಿಗೆಯಿಂದ ಕಾಣೆಯಾದ ಸರ ಎಲ್ಲಿಟ್ಟೆ ಎಂದು ಕೇಳಿದರು. ಊರಿನವರು ಏನನ್ನೂ ಕೇಳಲಿಲ್ಲ. ಮಾಡಿದೆಯಾ ಎಂದು ಕೇಳಿದವಳು ನೀನೊಬ್ಬಳೇ. ಇಲ್ಲ ಎಂದು ಹೇಳಲು ನನಗೆ ಇವತ್ತಿನವರೆಗೆ ಜಾಗವೇ ಸಿಕ್ಕಿರಲಿಲ್ಲ.

ಆ ದಿನ ವೀಸಾ ಕಾಗದ ತರಲು ಉಡುಪಿಯ ಏಜೆಂಟನ ಹತ್ತಿರ ಹೋಗಿದ್ದೆ. ಅಂಗಡಿ ಮುಚ್ಚಿತ್ತು. ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಮೆಟ್ಟಿಲ ಮೇಲೆ ಕೂತಿದ್ದೆ. ನನ್ನನ್ನು ನೋಡಿದವರು ಯಾರೂ ಇಲ್ಲ, ಅಥವಾ ನೋಡಿದವರಿಗೆ ನೆನಪಿಲ್ಲ. ಟಿವಿಯವರು ಹೇಳುವುದರಲ್ಲಿ ಇದೊಂದು ಸರಿ. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನ್ನ ಹತ್ತಿರ ಇಲ್ಲ, ಮುಂದೆ ಸಿಗುವುದೂ ಇಲ್ಲ. ನಂಬಲು ಆಗದಿದ್ದರೆ ನಾನು ಬೇಸರ ಮಾಡುವುದಿಲ್ಲ. ಬೇಸರ ಆಗುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೆ ನಿನ್ನ ಮೇಲೆ ಅಲ್ಲ.

ಒಂದು ಮಾತು. ಕೊನೆಯ ಕಂತಿನ ದಿನ ನಿನ್ನ ಮನೆಯಲ್ಲಿ ಬಾಯಿ ಬಿಡಬೇಡ. ನಿನಗೆ ಸಂಸಾರ ಇದೆ, ನೆರೆಹೊರೆ ಇದೆ. ನನಗೆ ಇದು ಅಭ್ಯಾಸವಾಗಿ ಹೋಗಿದೆ.

ಇತಿ,
ಮೋಹನದಾಸ್

*

ಅಲ್ ನಹ್ದಾ
23 ಫೆಬ್ರವರಿ 2025

ಪ್ರೀತಿಯ ಅಪ್ಪ,

ನಿಮ್ಮ ಮಾತು ಕೇಳಲಿಲ್ಲ.

ಕೊನೆಯ ಕಂತಿನಲ್ಲಿ ಹೊಸದೇನೂ ಇರಲಿಲ್ಲ ಎಂದು ನೀವೂ ನೋಡಿರಬಹುದು. ಒಬ್ಬ ನಿವೃತ್ತ ಪೊಲೀಸ್, ಒಬ್ಬ ಮನಶ್ಶಾಸ್ತ್ರದವರು, ಮತ್ತೆ ಆ ಕೋಟಿನವನು. ಆಮೇಲೆ ಓಟು. ಡಿಂಪಲ್ ಎಲ್ಲರಿಗೂ ನಂಬರ್ ಓದಿ ಹೇಳುತ್ತಿದ್ದಳು. ಅತ್ತೆ ಕನ್ನಡಕ ಹಾಕಿಕೊಂಡರೂ ಓದಲಾಗದೆ ಫೋನ್ ನನ್ನ ಕೈಗೆ ಕೊಟ್ಟು, “ಗಂಡ ಅಂತ ಒತ್ತು ದೀಕ್ಷಿತಾ, ನಂಗೆ ಅಕ್ಷರ ಕಾಣುದಿಲ್ಲ” ಎಂದರು. ಪರದೆಯ ಮೇಲೆ ಮೂರು ಸಾಲುಗಳಿದ್ದವು. ಗಂಡ, ಕಳ್ಳ, ಗೊತ್ತಿಲ್ಲ.

ನನಗೆ ಒತ್ತಲು ಆಗಲಿಲ್ಲ. “ಅದು ನನ್ನ ಅಮ್ಮ” ಎಂದೆ. ಯಾರಿಗೂ ಅರ್ಥವಾಗಲಿಲ್ಲ. “ಚಂದ್ರಮತಿ ನನ್ನ ಅಮ್ಮ. ಆ ಗಂಡ ನನ್ನ ಅಪ್ಪ. ನನ್ನ ಅಪ್ಪ ಕೊಂದಿಲ್ಲ” ಎಂದೆ. ಅತ್ತೆಗೆ ಮೊದಲು ನಗು ಬಂತು, ಆಮೇಲೆ ರಿತೇಶ್‌ನ ಮುಖ ನೋಡಿದರು. ಶೆಲ್ಡನ್ ರಿಮೋಟ್ ಹುಡುಕಿ ಟಿವಿ ಆರಿಸಿದ. “ನಿಂಗೆ ಹೇಗೆ ಗೊತ್ತು ಮಾರಾಯ್ತಿ, ಆಗ ನೀನು ಸಣ್ಣವಳಲ್ವಾ?” ಎಂದು ಡಿಂಪಲ್ ಮೆಲ್ಲಗೆ ಕೇಳಿದಳು. ಅವಳು ಕೆಟ್ಟವಳಲ್ಲ. ಅಪ್ಪನನ್ನು ಕೇಳಿದೆ, ಇಲ್ಲ ಅಂದರು ಎಂದೆ. ಅಷ್ಟು ಹೇಳುವಾಗ ನನಗೇ ಗೊತ್ತಾಯಿತು, ಈ ಉತ್ತರ ಹಾಲ್‌ನಲ್ಲಿ ಯಾರಿಗೂ ಸಾಕಾಗುವುದಿಲ್ಲ, ನನಗೆ ಮಾತ್ರ ಸಾಕು ಎಂದು.

ಎಲ್ಲರೂ ಹತ್ತು ನಿಮಿಷದಲ್ಲಿ ಎದ್ದು ಹೋದರು. ಅತ್ತೆ ಆ ವಾರವೇ ಟಿಕೆಟ್ ಬದಲಿಸಿ ಮುಂಬೈಗೆ ಹೊರಟರು. ಬಯ್ಯಲಿಲ್ಲ. “ಸುಳ್ಳು ಹೇಳಿ ಮದುವೆ ಮಾಡಿಕೊಂಡ್ರಲ್ಲ” ಎಂದು ರಿತೇಶ್‌ಗೆ ಮಾತ್ರ ಹೇಳಿದರು. ಅವನು ನನ್ನ ಪರ ಇದ್ದಾನೆ, ಆದರೆ ಅವನಿಗೂ ಮಾತು ಕಡಿಮೆಯಾಗಿದೆ. ಲಿಫ್ಟಿನಲ್ಲಿ ಸಿಕ್ಕಿದವರು ಫೋನ್ ನೋಡುತ್ತಾ ನಿಲ್ಲುತ್ತಾರೆ. ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯ ಬಂದ ದಿನವೇ ಯಾರೋ ಅಳಿಸಿದ್ದಾರೆ. ನನ್ನನ್ನು ಬಿಟ್ಟು ಬೇರೆ ಗುಂಪು ಮಾಡಿರಬಹುದು. ನೂರಕ್ಕೆ ಎಂಬತ್ತು ಜನ ಗಂಡ ಎಂದೇ ಓಟು ಹಾಕಿದರಂತೆ, ರಿತೇಶ್ ಹೇಳಿದ.

ಇದನ್ನೆಲ್ಲ ನಿಮ್ಮನ್ನು ದೂರಲು ಬರೆಯುತ್ತಿಲ್ಲ. ಹೀಗೆ ಎರಡು ವಾರ ಕಳೆಯುವುದೇ ನನಗೆ ಇಷ್ಟು ಕಷ್ಟವಾದರೆ, ನೀವು ಇಷ್ಟು ವರ್ಷ ಹೇಗೆ ಕಳೆದಿರಿ ಎಂದು ಕೇಳಲು ಬರೆದೆ.

ಇನ್ನೊಂದು. ನನಗೆ ಅಮ್ಮನ ಮುಖ ಮರೆತು ಹೋಗುತ್ತಿದೆ. ಟಿವಿಯವರು ಅವಳ ಅದೊಂದೇ ಫೋಟೊವನ್ನು ವಾರ ವಾರ ಹತ್ತಿರ ತಂದು, “ಈ ಕಣ್ಣುಗಳಲ್ಲಿ ಭಯ ಕಾಣುತ್ತಿದೆಯೇ?” ಎಂದು ಕೇಳಿದರು. ಈಗ ಕಣ್ಣು ಮುಚ್ಚಿದರೆ ಅದೇ ಬರುತ್ತದೆ. ನನ್ನದೇ ಅಂತ ಇದ್ದ ಅಮ್ಮ ಎಲ್ಲಿ ಹೋದಳೋ ಗೊತ್ತಿಲ್ಲ. ನೀವು ಮನೆಗೆ ಬನ್ನಿ ಅಪ್ಪ. ನಿಮ್ಮ ನಂಬರನ್ನು ಬ್ಲಾಕ್‌ನಿಂದ ತೆಗೆದಿದ್ದೇನೆ, ಆದರೆ ಫೋನಿನಲ್ಲಿ ಇದನ್ನು ಮಾತಾಡಲು ಆಗುವುದಿಲ್ಲ.

ನಿಮ್ಮ,
ದೀಕ್ಷಿತಾ

*

ಮುಸಫ್ಫಾ
26 ಫೆಬ್ರವರಿ 2025

ಮಗಾ,

ನಿನ್ನ ಪತ್ರ ಕಂಪನಿಯ ಸ್ಟೋರಿನಲ್ಲಿ ನಿಂತೇ ಓದಿದೆ. ನಿನ್ನ ಮನೆ ಖಾಲಿಯಾದದ್ದಕ್ಕೆ ಸಂಕಟವಾಯಿತು. ಜೊತೆಗೆ ಸಂತೋಷವೂ ಆಯಿತು, ಅದಕ್ಕೆ ನಾಚಿಕೆಯಾಯಿತು. ಮೂರೂ ಒಟ್ಟಿಗೆ ಬಂದವು.

ಸಂಜೆ ರೂಮಿಗೆ ಹೋಗಿ ಆಸ್ವಾಲ್ಡ್ ಮತ್ತು ಸಫ್ವಾನ್‌ಗೆ ಹೇಳಿದೆ. ನೀನು ಹೇಳಿದ ಮೇಲೆ ನಾನು ಅಡಗಿ ಕೂರುವುದು ಸರಿಯಲ್ಲ. ಸಫ್ವಾನ್ ಚಪ್ಪಲಿ ಹಾಕಿಕೊಂಡು ಹೊರಗೆ ಹೋದವನು ಇನ್ನೂ ಬಂದಿಲ್ಲ. ಆಸ್ವಾಲ್ಡ್ ಎದ್ದು ನನಗೊಂದು ಲೋಟ ನೀರು ತಂದಿಟ್ಟ. ಆಮೇಲೆ, “ಹೆಂಡತಿ ಹೆಸರು ಚಂದ್ರಮತಿ ಅಂತ ನೀವು ಒಂದು ದಿನವೂ ಹೇಳಿದವರಲ್ಲ” ಎಂದ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ಅವನು ಹೇಳಿದ್ದು ನಿಜ. ಹೇಗೆ ಕಳೆದಿರಿ ಎಂದು ಕೇಳಿದ್ದೀಯಲ್ಲ, ಹಾಗೆ ಕಳೆದೆ, ಅವಳ ಹೆಸರನ್ನು ಬಾಯಿಯಲ್ಲಿ ತಾರದೆ.

ಆ ಫೋಟೊ ರೇಷನ್ ಕಾರ್ಡಿಗೆ ತೆಗೆಸಿದ್ದು. ಅವಳು ಒಂದೇ ಸಮ ಕಣ್ಣು ಮುಚ್ಚುತ್ತಿದ್ದಳು. ಸ್ಟುಡಿಯೋದವನು ಸಿಟ್ಟಿನಲ್ಲಿ ಇದೇ ಕೊನೆಯದು ಎಂದು ಗದರಿದ. ಅವಳು ಹಾಗೆ ಕಣ್ಣರಳಿಸಿ ಕೂತದ್ದು ನಗು ತಡೆಯಲು. ಪಕ್ಕದಲ್ಲಿ ನಿಂತು ಅವಳನ್ನು ನಗಿಸುತ್ತಿದ್ದವನು ನಾನು. ಹೊರಗೆ ಬಂದು ರಸ್ತೆಯ ಬದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀನು ಅವಳ ಸೆರಗು ಹಿಡಿದು ನಿಂತಿದ್ದೆ, ಯಾಕೆಂದು ಗೊತ್ತಿಲ್ಲದೆ ನೀನೂ ನಗುತ್ತಿದ್ದೆ.

ಹೆಂಡತಿಯನ್ನು ಕೊಂದವ ಎಂದು ಹೆಸರು ಬಿದ್ದವನಿಗೆ ಹೆಂಡತಿ ಹೋದ ದುಃಖ ಪಡಲು ಬಿಡುವುದಿಲ್ಲ ಮಗಾ. ಅತ್ತರೆ ನಾಟಕ ಎನ್ನುತ್ತಾರೆ, ಸುಮ್ಮನಿದ್ದರೆ ಕಲ್ಲು ಎನ್ನುತ್ತಾರೆ. ಹಾಗಾಗಿ ನನ್ನ ಚಂದ್ರ ಸತ್ತುಹೋದಳು ಎಂದು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಅದನ್ನು ನಿನಗೆ ಹೇಳಬೇಕು.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನಾನು ಬಂದ ಕೂಡಲೇ ಏನೂ ಕೇಳಬೇಡ. ಅವಳ ಬಗ್ಗೆ ನಿನಗೆ ನೆನಪಿರುವುದು ಎಷ್ಟು ಸಣ್ಣದಾದರೂ ಸರಿ, ಮೊದಲು ನೀನು ಹೇಳು. ನನಗೆ ಮಾತು ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ನಿನ್ನ ಅಪ್ಪ,
ಮೋಹನದಾಸ್